ಪಕ್ಕದಲ್ಲಿ ಕಾಮಗಾರಿ, ಮನೆಯಲ್ಲಿ ಅತಿಥಿ: ಹೋಂಸ್ಟೇ ಮಾಲೀಕರಿಗೆ ಕೆಲವು ವಿಚಾರಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಆಸುಪಾಸಿನಲ್ಲಿ ಸ್ವಂತ ಮನೆಯ ಎರಡು-ಮೂರು ಕೊಠಡಿಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ನೀಡಿ ಆದಾಯ ಕಂಡುಕೊಂಡಿರುವ ಕುಟುಂಬಗಳಿವೆ. ಇವರ ವರ್ಷದ ಗಳಿಕೆಯ ಬಹುಭಾಗ ಬರುವುದು ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯೂ ಇದೇ ಅವಧಿಯಲ್ಲಿ ಬರುತ್ತದೆ. ಮಳೆ ನಿಂತ ಬಳಿಕ ಆರಂಭವಾಗುವ ರಸ್ತೆ, ಚರಂಡಿ ಮತ್ತು ಕೊಳವೆ ಮಾರ್ಗದ ಕಾಮಗಾರಿಗಳಿಗೂ ಅನುಕೂಲವಾದ ಕಾಲ ಅದೇ. ಆದ್ದರಿಂದ ನಮ್ಮ ಭಾಗದಲ್ಲಿ ಅತಿಥಿಯೂ ಜೆಸಿಬಿಯೂ ಒಟ್ಟಿಗೆ ಬರುವುದು ಆಕಸ್ಮಿಕವೇನಲ್ಲ.

ಕೇಂದ್ರ ಸರ್ಕಾರವು 2015ರ ಜನವರಿಯಲ್ಲಿ ಆರಂಭಿಸಿದ ‘ಹೃದಯ್’ ಯೋಜನೆಗೆ ಆಯ್ಕೆಯಾದ ದೇಶದ 12 ನಗರಗಳಲ್ಲಿ ಬಾದಾಮಿಯೂ ಸೇರಿತ್ತು. ನಗರಕ್ಕೆ 22.26 ಕೋಟಿ ರೂ. ನಿಗದಿಯಾಗಿದ್ದ ಆ ಯೋಜನೆ 2019ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು. ಸ್ಮಾರಕಗಳ ಪರಿಸರ ಸುಧಾರಿಸಿದರೆ ಅಂತಿಮವಾಗಿ ಲಾಭ ವಸತಿ ವ್ಯವಹಾರಕ್ಕೇ. ಆದರೆ ಅಗೆತದ ತಿಂಗಳುಗಳ ನಷ್ಟವನ್ನು ಭರಿಸುವವನು ಮನೆಯ ಮಾಲೀಕ. ಕಾಮಗಾರಿಯನ್ನು ವಿರೋಧಿಸುವುದಕ್ಕಿಂತ ಅದರ ದಿನಾಂಕವನ್ನು ಮುಂಚಿತವಾಗಿ ತಿಳಿಯುವುದೇ ಜಾಣತನ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹಾಗಾಗಿ ಸ್ಮಾರಕದ ಸಮೀಪ ಯಾವ ಕೆಲಸವೂ ನಡೆಯದು ಎಂದು ಹಲವರು ನಂಬಿರುತ್ತಾರೆ. ಆದರೆ ಕಾಯ್ದೆಯು ‘ನಿರ್ಮಾಣ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಚರಂಡಿ, ಸಾರ್ವಜನಿಕ ನೀರು ಸರಬರಾಜು, ವಿದ್ಯುತ್ ಪೂರೈಕೆಯಂತಹ ಕೆಲಸಗಳು ಒಳಗೊಂಡಿಲ್ಲ. ಅಂದರೆ ನೆರೆಯವರ ಹೊಸ ಮಹಡಿಗೆ ಅಡ್ಡಿಯಿದ್ದರೂ ಬೀದಿಯ ಅಗೆತ ಸಾಧ್ಯವಿದೆ. ಇನ್ನೊಂದು ಎಚ್ಚರಿಕೆ: ಧೂಳು, ಸದ್ದು ತಡೆಯಲೆಂದು ನೀವೇ ಹೊಸ ಗೋಡೆ ಕಟ್ಟಲು ಅಥವಾ ಕೊಠಡಿಯನ್ನು ವಿಸ್ತರಿಸಲು ಹೊರಟರೆ ಇದೇ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಮೊದಲು ಸಕ್ಷಮ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸಿ, ಅನಂತರವೇ ಇಟ್ಟಿಗೆ ತರಿಸಬೇಕು.

ಇನ್ನು ಲೆಕ್ಕದ ವಿಷಯ. ಮಾರಾಟವಾಗದ ಇಳಕಲ್ ಸೀರೆ ಮುಂದಿನ ತಿಂಗಳು ಮಾರಾಟವಾದೀತು. ಖಾಲಿ ಉಳಿದ ಕೊಠಡಿಯ ರಾತ್ರಿ ಮತ್ತೆ ಬಾರದು. ಮೂರು ಕೊಠಡಿಗಳ ಮನೆಯೊಂದನ್ನು ಊಹಿಸಿಕೊಳ್ಳೋಣ. ದಿನಕ್ಕೆ ಕೊಠಡಿಯೊಂದಕ್ಕೆ 1,500 ರೂ. ಬಾಡಿಗೆ, ತಿಂಗಳ 90 ಕೊಠಡಿ-ರಾತ್ರಿಗಳಲ್ಲಿ 60 ಭರ್ತಿಯಾದರೆ ಆದಾಯ 90,000 ರೂ. ಕಾಮಗಾರಿಯ ತಿಂಗಳು ಮನೆಯನ್ನು ಮುಚ್ಚಿದರೆ ಉಪಾಹಾರ, ಬಟ್ಟೆ ಒಗೆತ, ವಿದ್ಯುತ್ತಿನ ಬಾಬ್ತು ರಾತ್ರಿಗೆ 300 ರೂ.ನಂತೆ 18,000 ರೂ. ಉಳಿದರೂ ನಿವ್ವಳ ನಷ್ಟ 72,000 ರೂ. ವಿಷಯವನ್ನು ಮುಚ್ಚಿಟ್ಟು ಬುಕಿಂಗ್ ಪಡೆದು, ಮೂರನೆಯ ಒಂದು ಪಾಲು ಅತಿಥಿಗಳು ಹಣ ವಾಪಸು ಕೇಳಿದರೆ ನಷ್ಟ 30,000 ರೂ.; ಅಂತರಜಾಲದಲ್ಲಿ ಅವರು ಬರೆದು ಹೋಗುವ ದೂರು ಬೇರೆ. ಹಗಲು ಸದ್ದಿರುತ್ತದೆಂದು ಮೊದಲೇ ತಿಳಿಸಿ ಶೇಕಡಾ 20 ರಿಯಾಯಿತಿ ಕೊಟ್ಟರೆ, ಅಷ್ಟೇ ಕೊಠಡಿಗಳು ಭರ್ತಿಯಾದಲ್ಲಿ, ಬಿಟ್ಟುಕೊಡುವುದು 18,000 ರೂ. ಮಾತ್ರ. ಹತ್ತು ರಾತ್ರಿಗಳ ಬುಕಿಂಗ್ ಕಡಿಮೆಯಾದರೂ ಈ ಮಾರ್ಗವೇ ಅಗ್ಗ. ಪ್ರಾಮಾಣಿಕತೆ ಇಲ್ಲಿ ಧರ್ಮದ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು.

ತಿಳಿಸುವ ರೀತಿಯೂ ಮುಖ್ಯ. “ಸ್ವಲ್ಪ ತೊಂದರೆ ಇರಬಹುದು” ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಕೆಲಸ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ವಾಹನ ಎಲ್ಲಿಯವರೆಗೆ ಬರುತ್ತದೆ, ಸಾಮಾನು ಹೊತ್ತು ಎಷ್ಟು ದೂರ ನಡೆಯಬೇಕು ಎಂಬುದನ್ನು ಹಣ ಪಡೆಯುವ ಮುನ್ನವೇ ಬರೆದು ಕಳಿಸಬೇಕು. ವೃದ್ಧರಿರುವ ತಂಡಕ್ಕೆ ಕೊನೆಯ ಪ್ರಶ್ನೆಯೇ ನಿರ್ಣಾಯಕ.

ಅದೃಷ್ಟವಶಾತ್ ನಮ್ಮಲ್ಲಿಗೆ ಬರುವ ಅತಿಥಿ ಹಗಲೆಲ್ಲ ಕೊಠಡಿಯಲ್ಲಿ ಕೂರಲು ಬರುವವನಲ್ಲ. ಬೆಳಿಗ್ಗೆ ಬೇಗನೆ ಉಪಾಹಾರ ಕೊಟ್ಟು ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿಗೆ, ಅಲ್ಲಿಂದ ಐಹೊಳೆಗೆ ಕಳುಹಿಸಿ, ರೊಟ್ಟಿ-ಪಲ್ಯದ ಬುತ್ತಿ ಕಟ್ಟಿಕೊಟ್ಟರೆ, ಸಂಜೆ ಅಗಸ್ತ್ಯ ತೀರ್ಥದ ದಂಡೆ ನೋಡಿ ಮರಳುವ ಹೊತ್ತಿಗೆ ಯಂತ್ರಗಳು ನಿಂತಿರುತ್ತವೆ. ರಾತ್ರಿಯೂ ನಿಲ್ಲದಿದ್ದರೆ? ಶಬ್ದ ಮಾಲಿನ್ಯ ನಿಯಮಗಳ (2000) ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಬಳಸುವಂತಿಲ್ಲ. ಗುತ್ತಿಗೆದಾರರ ಮೇಸ್ತ್ರಿಗೆ ಮೊದಲು ಸಮಾಧಾನದಿಂದ ಹೇಳಿ ನೋಡುವುದು ಲೇಸು. ಬೀದಿಯ ಎಲ್ಲ ಮಾಲೀಕರೂ ಸಹಿ ಮಾಡಿದ ಒಂದೇ ಅರ್ಜಿಗೆ ಒಬ್ಬನ ಜಗಳಕ್ಕಿಂತ ಬೆಲೆ ಹೆಚ್ಚು.

ಮಣ್ಣಿನ ಪದರ ತೆಳುವಾಗಿ ಬಂಡೆ ಬೇಗನೆ ಸಿಗುವ ಜಾಗದಲ್ಲಿ ಬ್ರೇಕರ್ ಹಚ್ಚಿದರೆ ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆಗಳು ಕಂಪನಕ್ಕೆ ಬಿರುಕು ಬಿಡುವ ಸಂಭವವುಂಟು. ಕಾಮಗಾರಿಗೆ ಮುನ್ನವೇ ಪ್ರತಿ ಗೋಡೆಯ ಛಾಯಾಚಿತ್ರವನ್ನು ದಿನಾಂಕಸಹಿತ ತೆಗೆದಿಟ್ಟು, ಅದರ ಪ್ರತಿಯನ್ನು ಕೆಲಸ ಮಾಡಿಸುವ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ವಿಮೆ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಆದಾಯ ನಷ್ಟದ ವಿಮೆ ಇದ್ದರೂ ಸಾಮಾನ್ಯವಾಗಿ ಅದು ಕಟ್ಟಡಕ್ಕೆ ಪಾಲಿಸಿಯಡಿ ಬರುವ ಹಾನಿಯಾದಾಗ ಮಾತ್ರ ಸಿಗುತ್ತದೆ. ಸದ್ದು-ಧೂಳಿಗೆ ಹೆದರಿ ಅತಿಥಿ ಬಾರದಿದ್ದರೆ ಸಿಗದು. ಪಾಲಿಸಿಯ ಈ ಷರತ್ತನ್ನು ನವೀಕರಣದ ಮೊದಲೇ ಏಜೆಂಟರಿಂದ ಓದಿಸಿ ತಿಳಿದುಕೊಳ್ಳತಕ್ಕದ್ದು.