ಭಾರ ಹೊರದ ಕಂಬ

ಗ್ರೀಸಿನ ಮೈಸೀನೆಯ ಸಿಂಹದ್ವಾರದ ಚಿತ್ರ ನೋಡಿದವರ ಕಣ್ಣು ಸಿಂಹಗಳ ಮೇಲೇ ನಿಲ್ಲುತ್ತದೆ. ನೋಡಬೇಕಾದದ್ದು ಅವುಗಳ ನಡುವಿನ ಕಂಬವನ್ನು. ಬುಡ ಸಣ್ಣ, ತುದಿ ದಪ್ಪ: ಇದು ಕ್ರೀಟ್ ದ್ವೀಪದ ಮಿನೋವನ್ನರ ಕಂಬ. ಕ್ನೋಸೊಸ್ ಅರಮನೆಯಲ್ಲಿ ಮರದಿಂದ ಮಾಡಿದ ಇಂಥ ಕಂಬಗಳು ಮೇಲಂತಸ್ತುಗಳನ್ನು ನಿಜವಾಗಿ ಹೊತ್ತು ನಿಂತಿದ್ದವು. (ಇಂದು ಅಲ್ಲಿ ಕಾಣುವ ಕೆಂಪು ಕಂಬಗಳು 1900ರಲ್ಲಿ ಉತ್ಖನನ ಆರಂಭಿಸಿದ ಆರ್ಥರ್ ಇವಾನ್ಸ್ ಮರುಕಟ್ಟಿಸಿದವು. ಆಕಾರಕ್ಕೆ ಹಳೆಯ ಭಿತ್ತಿಚಿತ್ರಗಳ ಆಧಾರವಿದೆ. ಆದರೂ ಅಷ್ಟೊಂದು ಕಾಂಕ್ರೀಟ್ ನನಗೆ ಒಪ್ಪಿಗೆಯಿಲ್ಲ.) ಮೈಸೀನೆಯ ಕಂಬವಾದರೋ ಏನನ್ನೂ ಹೊರುವುದಿಲ್ಲ. ಮೈಸೀನೆಯವರು ಕ್ರೀಟಿನಿಂದ ಅಲಂಕಾರವನ್ನು ಪಡೆದರು, ಕಟ್ಟುವ ವಿದ್ಯೆಯನ್ನಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕ್ರಿ.ಪೂ. 1250ರ ಸುಮಾರಿನ ಈ ಬಾಗಿಲಿನ ಲಿಂಟಲ್ ಕಲ್ಲೇ 20 ಟನ್ನಿನಷ್ಟಿದೆ. ಅದರ ಮೇಲೆ ಕೋಟೆಗೋಡೆಯ ಬಂಡೆಗಳನ್ನು ನೇರ ಪೇರಿಸಿದ್ದರೆ ಅದು ನಡುವೆ ಬಿರಿಯುತ್ತಿತ್ತು. ಅದಕ್ಕೇ ಎರಡೂ ಬದಿಯ ಕಲ್ಲುಗಳನ್ನು ವರಸೆವರಸೆಯಾಗಿ ಒಳಕ್ಕೆ ಚಾಚುತ್ತ ಹೋಗಿ, ನಡುವೆ ತ್ರಿಕೋನದ ಖಾಲಿ ಜಾಗ ಬಿಟ್ಟರು. ಮೇಲಿನ ಭಾರ ಆಚೀಚೆಯ ನಿಲುಗಲ್ಲುಗಳಿಗೆ ಇಳಿಯಿತು. ಆ ಖಾಲಿಯನ್ನು ಮುಚ್ಚಲು ನಿಲ್ಲಿಸಿದ, ಸುಮಾರು 3 ಮೀಟರ್ ಎತ್ತರದ ಸುಣ್ಣಕಲ್ಲಿನ ಹಲಗೆಯ ಮೇಲೆ ಸಿಂಹಗಳನ್ನೂ ಕಂಬವನ್ನೂ ಕೆತ್ತಲಾಗಿದೆ. ಅಂದರೆ ಇಡೀ ಗೋಡೆಯಲ್ಲಿ ಎಲ್ಲಿ ಭಾರ ಬೀಳಬಾರದೋ ಅಲ್ಲೇ ಕ್ರೀಟಿನ ಕಂಬ ನಿಂತಿದೆ. ಸಮೀಪದಲ್ಲೇ ಇರುವ, 'ಆಟ್ರಿಯಸ್‌ನ ಖಜಾನೆ' ಎಂದು ಕರೆಯುವ ಗುಮ್ಮಟದ ಗೋರಿಯ ಕತೆಯೂ ಇದೇ. ಒಳಗೆ 14.5 ಮೀಟರ್ ಅಗಲ, 13 ಮೀಟರಿಗೂ ಮಿಗಿಲಾದ ಎತ್ತರ. ಮುಂಭಾಗಕ್ಕೆ ಅಂಟಿಸಿದ್ದ ಹಸಿರು ಕಲ್ಲಿನ ಅರೆಗಂಬಗಳೂ ಕೆಳಗೆ ಸಣ್ಣವೇ. ಅವುಗಳ ದೊಡ್ಡ ಭಾಗಗಳನ್ನು 19ನೇ ಶತಮಾನದ ಆರಂಭದಲ್ಲಿ ಕಿತ್ತು ಸಾಗಿಸಿದರು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗೋರಿ ಮಾತ್ರ ಜಗ್ಗದೆ ನಿಂತಿದೆ.

ಗುಮ್ಮಟವೂ ಕ್ರೀಟಿನದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮೆಸಾರಾ ಬಯಲಿನ ದುಂಡು ಗೋರಿಗಳು ಇವಕ್ಕಿಂತ ಎಷ್ಟೋ ಶತಮಾನ ಹಳೆಯವು ಎಂಬುದು ನಿಜ. ಆದರೆ ಅವನ್ನು ನೆಲದ ಮೇಲೆ ಕಟ್ಟಿದ್ದರು, ಮೇಲಿನವರೆಗೂ ಕಲ್ಲಿನ ಚಾವಣಿಯಿತ್ತೇ ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಮೈಸೀನೆಯವರು ಗುಡ್ಡ ಅಗೆದು ಗುಮ್ಮಟವೆಬ್ಬಿಸಿ, ಮೇಲೆ ಮಣ್ಣು ಹೇರಿ, ಆ ಒತ್ತಡವನ್ನೇ ಕಟ್ಟಡದ ಬಲವಾಗಿಸಿಕೊಂಡರು. ಗ್ರೀಸಿನ ಮುಖ್ಯಭೂಮಿಯನ್ನು ಕ್ರೀಟಿನ ಅಧೀನವೆಂದೇ ಇವಾನ್ಸ್ ನಂಬಿದ್ದ. ಅಲ್ಲಿನ ಅರಮನೆಗಳ ಭಿತ್ತಿಚಿತ್ರಗಳನ್ನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ನಕಾಶೆಗಳನ್ನು ಪಕ್ಕಪಕ್ಕ ಇಟ್ಟರೆ ಆ ಮಾತು ನಿಲ್ಲುವುದಿಲ್ಲ. ಕ್ನೋಸೊಸ್‌ನ ನಡುವೆ ಸುಮಾರು 50 ಮೀಟರ್ ಉದ್ದದ ತೆರೆದ ಅಂಗಳ. ಕಾರ್ಲ್ ಬ್ಲೆಗೆನ್ 1939ರಲ್ಲಿ ಅಗೆಯಲಾರಂಭಿಸಿದ, ಮುಖ್ಯಭೂಮಿಯ ಪೈಲೋಸ್ ಅರಮನೆಯ ನಡುವೆ ಚಾವಣಿಯ ಹಜಾರ, ದುಂಡನೆಯ ದೊಡ್ಡ ಅಗ್ಗಿಷ್ಟಿಕೆ, ಬಲಗೋಡೆಗೆ ಸಿಂಹಾಸನದ ಜಾಗ. ಇದು ಬೇರೆಯೇ ಜನರ ಮನೆ. ಅವರ ಭಾಷೆ ಗ್ರೀಕ್ ಎಂಬುದನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್, ಅವರು ಬರೆಯುತ್ತಿದ್ದ ಲೀನಿಯರ್ ಬಿ ಲಿಪಿಯನ್ನು ಓದಿ ತೋರಿಸಿದ. ಪೈಲೋಸ್‌ನ ಅಗ್ಗಿಷ್ಟಿಕೆಯ ಸುತ್ತಲಿನ ನಾಲ್ಕು ಮರದ ಕಂಬಗಳು ಚಾವಣಿಯನ್ನು ಹೊತ್ತಿದ್ದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಂಬದ ಉಪಯೋಗ ಮೈಸೀನೆಯವರಿಗೆ ಚೆನ್ನಾಗಿಯೇ ಗೊತ್ತಿತ್ತು. ಹಾಗಿದ್ದೂ ಕೋಟೆಯ ಹೆಬ್ಬಾಗಿಲಲ್ಲಿ ಅದನ್ನು ಕೆಲಸವಿಲ್ಲದ ಜಾಗದಲ್ಲಿ ನಿಲ್ಲಿಸಿದ್ದಾರೆಂದರೆ, ಅವರಿಗೆ ಅಲ್ಲಿ ಬೇಕಿದ್ದದ್ದು ಕ್ರೀಟಿನ ಘನತೆಯೇ.