ಪರಿಸರ ವಿಜ್ಞಾನದಲ್ಲಿ ಪಿಎಚ್.ಡಿ.: ಹಣ ಎಲ್ಲಿಂದ, ನೆರವು ಯಾರಿಂದ?



ನಮ್ಮ ಮಕ್ಕಳಲ್ಲಿ ಕೆಲವರು ಈಗ ಡಾಕ್ಟರು, ಎಂಜಿನಿಯರು ಎಂಬ ಹಳೆಯ ಹಾದಿ ಬಿಟ್ಟು ನೀರು, ಮಣ್ಣು, ಕಾಡು, ಹವಾಮಾನಗಳ ಬಗ್ಗೆ ಸಂಶೋಧನೆ ಮಾಡುತ್ತೇವೆ ಎನ್ನುತ್ತಿದ್ದಾರೆ. ಊರಿನಿಂದ ಇಲ್ಲಿಗೆ ಓದಲು ಬರುವ ವಿದ್ಯಾರ್ಥಿಗಳಲ್ಲೂ ಈ ಆಸಕ್ತಿ ಕಾಣುತ್ತಿದೆ. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: "ಇಷ್ಟು ವರ್ಷ ಫೀಸು ಕಟ್ಟುವುದು ಹೇಗೆ?" ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: "ಸಂಬಳ ಕೊಡುವವರು ಯಾರು, ಎಷ್ಟು ವರ್ಷ?" ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಫೀಸು ಮತ್ತು ಸ್ಟೈಪೆಂಡ್

ಅಮೆರಿಕದಲ್ಲಿ ಮಾಸ್ಟರ್ಸ್ ಓದುವವರು ಸಾಮಾನ್ಯವಾಗಿ ಕೈಯಿಂದಲೇ ಫೀಸು ಕಟ್ಟುತ್ತಾರೆ. ವಿಜ್ಞಾನದ ಪಿಎಚ್.ಡಿ. ಹಾಗಲ್ಲ. ಬಹುತೇಕ ಕಡೆ ಟ್ಯೂಷನ್ ಮಾಫಿ ಇರುತ್ತದೆ, ತಿಂಗಳ ಸ್ಟೈಪೆಂಡ್ ಬರುತ್ತದೆ. ಈ ಹಣಕ್ಕೆ ಮೂರು ಮೂಲಗಳುಂಟು. ಒಂದು, ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಟೀಚಿಂಗ್ ಅಸಿಸ್ಟೆಂಟ್‌ಶಿಪ್. ಎರಡು, ಗೈಡ್ ತಂದ ಅನುದಾನದಿಂದ ಸಿಗುವ ರಿಸರ್ಚ್ ಅಸಿಸ್ಟೆಂಟ್‌ಶಿಪ್. ಮೂರು, ವಿದ್ಯಾರ್ಥಿಯೇ ಅರ್ಜಿ ಹಾಕಿ ಗೆಲ್ಲುವ ಫೆಲೋಶಿಪ್.

ಮೂರನೆಯದರಲ್ಲಿ ಹೆಸರಾಂತದ್ದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್‌ಎಸ್‌ಎಫ್ ಕೊಡುವ ಗ್ರಾಜುಯೇಟ್ ರಿಸರ್ಚ್ ಫೆಲೋಶಿಪ್. ಮೂರು ವರ್ಷ, ವರ್ಷಕ್ಕೆ 37,000 ಡಾಲರ್. ಆದರೆ ಸ್ಪರ್ಧೆ ಬಿಗಿಯಾಗಿದೆ. 2025ರ ಏಪ್ರಿಲ್‌ನಲ್ಲಿ ಮೊದಲು 1,000 ಮಂದಿಗೆ ಮಾತ್ರ ಕೊಟ್ಟರು, ಜೂನ್‌ನಲ್ಲಿ ಇನ್ನೂ 500 ಸೇರಿಸಿದರು. ಹಿಂದಿನ ವರ್ಷಗಳಲ್ಲಿ ಇದು ಸುಮಾರು 2,000 ಇತ್ತು. ಅದೇ 2025ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ತನ್ನ ಸಂಶೋಧನಾ ವಿಭಾಗವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ತಪ್ಪದೆ ಕೇಳಿ: ಎಷ್ಟು ವರ್ಷದ ಹಣ ಬರಹದಲ್ಲಿ ಖಾತ್ರಿ ಇದೆ? ಬೇಸಿಗೆ ತಿಂಗಳುಗಳಿಗೂ ಸ್ಟೈಪೆಂಡ್ ಉಂಟೇ? ಆರೋಗ್ಯ ವಿಮೆ ಯಾರದ್ದು? ಗೈಡ್‌ನ ಅನುದಾನ ನಡುವೆ ನಿಂತರೆ ವಿಭಾಗ ಕೈಹಿಡಿಯುತ್ತದೆಯೇ?

ಇನ್ನೊಂದು ಮಾತು. ಸ್ಟೈಪೆಂಡ್‌ಗೆ ತೆರಿಗೆ ಉಂಟು. ಫೆಲೋಶಿಪ್ ಹಣದಲ್ಲಿ ತೆರಿಗೆ ಮೊದಲೇ ಮುರಿದುಕೊಳ್ಳದೆ ಇರಬಹುದು, ಆಗ ಅದನ್ನು ಎತ್ತಿಡುವುದು ವಿದ್ಯಾರ್ಥಿಯ ಜವಾಬ್ದಾರಿ.

ವೀಸಾ ನೋಡಿ ಅರ್ಜಿ ಹಾಕಿ

ಎನ್‌ಎಸ್‌ಎಫ್ ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಫ್-1 ವಿದ್ಯಾರ್ಥಿಗಳು ಮೊದಲ ಎರಡು ಮೂಲಗಳನ್ನೇ ನೆಚ್ಚಬೇಕಾಗುತ್ತದೆ.

ಎಚ್-4 ವೀಸಾದಲ್ಲಿ ಬೆಳೆದ ನಮ್ಮ ಮಕ್ಕಳ ತೊಡಕು ಬೇರೆಯೇ. ಎಚ್-4ರಲ್ಲಿ ಓದಬಹುದು, ದುಡಿಯುವಂತಿಲ್ಲ. ಅಸಿಸ್ಟೆಂಟ್‌ಶಿಪ್ ಎಂದರೆ ಕೆಲಸವೇ. 21 ತುಂಬಿದ ಮೇಲೆ ಎಚ್-4 ಉಳಿಯುವುದೂ ಇಲ್ಲ. ಹಾಗಾಗಿ ಎಫ್-1ಗೆ ಬದಲಾಯಿಸುವ ವಿಚಾರವನ್ನು ಬಿ.ಎಸ್. ಮುಗಿಯುವ ಮುಂಚೆಯೇ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಮಾತನಾಡಿ. ಪ್ರವೇಶ ಸಿಕ್ಕಿದ ಮೇಲೆ ಓಡಾಡಿದರೆ ತಡವಾಗಬಹುದು.

ಲೊಂಬಾರ್ಡ್ ಸುತ್ತಮುತ್ತ

ನಾವು ಲೆಮಾಂಟ್ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿ ಬಂದಿಲ್ಲ! ಅದೇ ಲೆಮಾಂಟ್‌ನಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವಿದೆ. ಶಿಕಾಗೋ ನಗರದ ಹವಾಮಾನವನ್ನು ಅಳೆಯುವ "ಕ್ರೋಕಸ್" ಯೋಜನೆ 2022ರಲ್ಲಿ ಇದರ ನೇತೃತ್ವದಲ್ಲೇ ಶುರುವಾಯಿತು. ಪಕ್ಕದ ಲೈಲ್‌ನಲ್ಲಿ 1,700 ಎಕರೆಯ ಮಾರ್ಟನ್ ಆರ್ಬೊರೇಟಮ್ ಇದೆ. ಉಪ್ಪಿನ ವ್ಯಾಪಾರಿ ಜಾಯ್ ಮಾರ್ಟನ್ 1922ರಲ್ಲಿ ಕಟ್ಟಿದ ಈ ವೃಕ್ಷೋದ್ಯಾನದಲ್ಲಿ ಮರಗಳ ಬಗ್ಗೆ ಗಂಭೀರ ಸಂಶೋಧನೆ ನಡೆಯುತ್ತದೆ. ಗ್ಲೆನ್ಕೋದ ಶಿಕಾಗೋ ಬೊಟಾನಿಕ್ ಗಾರ್ಡನ್ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿ ಸಸ್ಯ ಸಂರಕ್ಷಣೆಯಲ್ಲಿ ಪಿಎಚ್.ಡಿ. ಕೊಡುತ್ತವೆ.

ಸಂಶೋಧನೆಯ ವಿಷಯಕ್ಕೂ ದೂರ ಹೋಗಬೇಕಿಲ್ಲ. ಚಳಿಗಾಲದಲ್ಲಿ ನಮ್ಮ ರಸ್ತೆಗಳಿಗೆ ಸುರಿಯುವ ಉಪ್ಪು ಹಿಮದ ಜೊತೆ ಕರಗಿ ಸಾಲ್ಟ್ ಕ್ರೀಕ್ ಮತ್ತು ಡುಪೇಜ್ ನದಿಗೆ ಸೇರುತ್ತದೆ. ಒಮ್ಮೆ ನೀರಿಗೆ ಸೇರಿದ ಕ್ಲೋರೈಡ್ ಅನ್ನು ತೆಗೆಯುವುದು ಬಲು ಕಷ್ಟ.

ಡೆಟ್ರಾಯಿಟ್ ಕಡೆ

ಆನ್ ಆರ್ಬರ್‌ನಲ್ಲಿ 1974ರಿಂದ ಗ್ರೇಟ್ ಲೇಕ್ಸ್ ಪರಿಸರ ಸಂಶೋಧನಾ ಪ್ರಯೋಗಾಲಯವಿದೆ. ಮಿಶಿಗನ್ ವಿಶ್ವವಿದ್ಯಾಲಯದ ರ‍್ಯಾಕಮ್ ಗ್ರಾಜುಯೇಟ್ ಸ್ಕೂಲ್‌ನಲ್ಲಿ ಸಂಶೋಧನಾ ಖರ್ಚಿಗೆ ಸಣ್ಣ ಅನುದಾನವೂ, ಕಷ್ಟಕಾಲಕ್ಕೆ ತುರ್ತು ನಿಧಿಯೂ ಇವೆ. ಇಂಥ ನಿಧಿ ಬೇರೆ ವಿಶ್ವವಿದ್ಯಾಲಯಗಳಲ್ಲೂ ಇರುತ್ತದೆ. ಕೇಳಲು ಸಂಕೋಚ ಬೇಡ.

ಈ ಓದಿನಿಂದ ಏನು ಪ್ರಯೋಜನ ಎನ್ನುವವರು ಫ್ಲಿಂಟ್ ಪಟ್ಟಣವನ್ನು ನೆನೆಯಬೇಕು. 2014ರ ಏಪ್ರಿಲ್‌ನಲ್ಲಿ ಅಲ್ಲಿ ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಕೊಡತೊಡಗಿದರು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಹಾಕದ ಕಾರಣ ಸೀಸ ಕುಡಿಯುವ ನೀರಿಗೆ ಇಳಿಯಿತು. 2015ರಲ್ಲಿ ವರ್ಜೀನಿಯಾ ಟೆಕ್‌ನ ಪ್ರೊ. ಮಾರ್ಕ್ ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳು ಊರಿನವರ ಜೊತೆ ಸೇರಿ 250ಕ್ಕೂ ಹೆಚ್ಚು ಮನೆಗಳ ನೀರು ಪರೀಕ್ಷಿಸಿ ಅದನ್ನು ತೋರಿಸಿಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ನೀರು ಮರಳಿ ಬಂತು. ತುರ್ತು ಸಂಶೋಧನೆಗೆಂದೇ ಇರುವ ಎನ್‌ಎಸ್‌ಎಫ್‌ನ "ರ‍್ಯಾಪಿಡ್" ಅನುದಾನ ಆ ತಂಡಕ್ಕೂ ಸಿಕ್ಕಿತ್ತು.

ಪಶ್ಚಿಮ ಘಟ್ಟದ ಮೇಲೆ ಸಂಶೋಧನೆ?

ಅಜ್ಜನ ಊರಿನ ಕಾಡು, ಕೆರೆಗಳ ಬಗ್ಗೆ ಅಧ್ಯಯನ ಮಾಡಬೇಕೆನ್ನುವ ಮಕ್ಕಳೂ ಇದ್ದಾರೆ. ತುಂಬಾ ಸಂತೋಷ! ಆದರೆ ಅಜ್ಜನ ತೋಟವೇ ಆದರೂ ಎಲೆ, ಕಪ್ಪೆ, ಮಣ್ಣಿನ ಜೀವಾಣುಗಳ ಮಾದರಿ ತೆಗೆದುಕೊಂಡು ಬರುವಂತಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪ್ರಜೆಗಳೂ ಅನಿವಾಸಿ ಭಾರತೀಯರೂ ಮೊದಲು ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಓಸಿಐ ಕಾರ್ಡ್ ಇದ್ದವರಿಗೂ 2021ರ ಮಾರ್ಚ್‌ನ ಅಧಿಸೂಚನೆಯಂತೆ ಸಂಶೋಧನೆಗೆ ವಿಶೇಷ ಅನುಮತಿ ಬೇಕು. ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಅಥವಾ 1996ರಲ್ಲಿ ಸ್ಥಾಪನೆಯಾದ ಏಟ್ರೀ ಸಂಸ್ಥೆಯ ವಿಜ್ಞಾನಿಗಳ ಜೊತೆ ಸೇರಿ ಯೋಜನೆ ರೂಪಿಸಿದರೆ ದಾರಿ ಸುಲಭವಾಗುತ್ತದೆ.

ಇದಕ್ಕೆ ಧನಸಹಾಯದ ಒಂದು ಬಾಗಿಲು ನಮ್ಮ ಶಿಕಾಗೋದಲ್ಲೇ ಇದೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕಚೇರಿ ಇರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಭಾರತದಲ್ಲಿ ಸಂಶೋಧನೆ ನಡೆಸಲು ಜೂನಿಯರ್ ಫೆಲೋಶಿಪ್ ಕೊಡುತ್ತದೆ. ಮೈಸೂರಿನಲ್ಲಿ ಕನ್ನಡ ಕಲಿಸುವ ವ್ಯವಸ್ಥೆಯನ್ನೂ ಮಾಡಿದೆ. ಮಲೆನಾಡಿನ ರೈತನ ಹತ್ತಿರ ಕೂತು ಅವನ ಮಾತಿನಲ್ಲೇ ಕೇಳಿ ತಿಳಿಯಬಲ್ಲ ವಿದ್ಯಾರ್ಥಿಗೆ ಸಿಗುವ ಮಾಹಿತಿಯೇ ಬೇರೆ. ನಾವು ಮನೆಯಲ್ಲಿ ಮಕ್ಕಳ ಜೊತೆ ಆಡುವ ಕನ್ನಡ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ನಾವೇನು ಮಾಡಬಹುದು?

ಸಂಶೋಧನೆ ಐದಾರು ವರ್ಷದ ಕೆಲಸ. ನಡುವೆ ಪ್ರಯೋಗ ಕೆಡುತ್ತದೆ, ಲೇಖನ ವಾಪಸ್ ಬರುತ್ತದೆ, ಹಬ್ಬದ ದಿನ ಒಂಟಿತನ ಕಾಡುತ್ತದೆ. ಹತ್ತಿರದ ಕ್ಯಾಂಪಸ್ಸಿನ ಒಬ್ಬ ವಿದ್ಯಾರ್ಥಿಯನ್ನು ಯುಗಾದಿಗೆ ಊಟಕ್ಕೆ ಕರೆಯಿರಿ. ಕಾರಿಲ್ಲದವರನ್ನು ಮಾದರಿ ಸಂಗ್ರಹಿಸುವ ಜಾಗಕ್ಕೆ ಬಿಟ್ಟು ಬನ್ನಿ. ಅವರ ವಿಷಯವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಲು ಕೂಟದಲ್ಲಿ ಹತ್ತು ನಿಮಿಷ ಕೊಡೋಣ. ಮುಖ್ಯವಾಗಿ, "ಇನ್ನೂ ಮುಗಿಯಲಿಲ್ಲವೇ?" ಎಂದು ಕೇಳುವ ಬದಲು "ಈಗ ಏನು ನೋಡುತ್ತಿದ್ದೀಯಪ್ಪಾ, ಏನು ನೋಡುತ್ತಿದ್ದೀಯಮ್ಮಾ?" ಎಂದು ಕೇಳೋಣ.

ನಮ್ಮ ಯುವ ಸಂಶೋಧಕರಿಗೆಲ್ಲ ಶುಭವಾಗಲಿ!