ತೋಟಾ ಮನೇಲೇ ತುಂಬ್ಕೊಳ್ಳೋದು ಯಾಕೆ? ಹಿತ್ತಾಳೆ, ಮದ್ದು ಮತ್ತು ನಮ್ಮ ಬಿಸಿಲು

 

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿ ಬಂದವರಲ್ಲಿ ಕೆಲವರಾದ್ರೂ ಇದನ್ನ ನೋಡಿರ್ತೀರಿ. ಟೆಕ್ಸಸ್ಸೋ ಮೊಂಟಾನಾನೋ, ಟೀಮಿನ ಹಿರಿಯ ಸಹೋದ್ಯೋಗಿ ಮನೆಗೆ ಕರೆದು ಗ್ಯಾರೇಜ್ ತೋರಿಸ್ತಾನೆ. ಬೆಂಚಿಗೆ ಬೋಲ್ಟ್ ಹಾಕಿ ಬಿಗಿದ ಒಂದು ಪ್ರೆಸ್, ಪಕ್ಕದಲ್ಲಿ ಚಿನ್ನದಂಗಡಿಯಲ್ಲಿ ಇರುವಂಥ ತಕ್ಕಡಿ, ಡಬ್ಬಿ ತುಂಬ ಹಿತ್ತಾಳೆ ಖೋಲುಗಳು. ಜಿಂಕೆ ಬೇಟೆಯ ಸೀಸನ್ ಶುರುವಾಗೋ ಮುಂಚೆ ಅವನು ತನ್ನ ರೈಫಲ್ಲಿನ ತೋಟಾಗಳನ್ನ ತಾನೇ ತುಂಬ್ಕೋತಾನೆ. ಅಂಗಡೀಲಿ ಸಿಗೋ ವಸ್ತುವಿಗೆ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು? ಇವತ್ತು ಅದನ್ನ ಬಿಡಿಸಿ ನೋಡೋಣ. ಎಷ್ಟು ಮದ್ದು ಹಾಕಬೇಕು ಅನ್ನೋ ಲೆಕ್ಕ ಇಲ್ಲಿ ಸಿಗಲ್ಲ. ಕೊನೇಲಿ ನಿಮ್ಮ ಲಗೇಜಿಗೆ ಸಂಬಂಧಪಟ್ಟ ಒಂದು ಮಾತಿದೆ, ಅದನ್ನ ಮಾತ್ರ ಬಿಡದೆ ಓದಿ.

ತೇಜಸ್ವಿ ಓದಿದವರಿಗೆ ಕೇಪಿನ ಕೋವಿ, ತೋಟಾ ಕೋವಿ ಎರಡೂ ಗೊತ್ತು. ಕೇಪಿನ ಕೋವೀಲಿ ನಳಿಗೆಯ ಬಾಯಿಂದ ಮದ್ದು ಸುರಿದು, ಚರೆನೋ ಗುಂಡೋ ಹಾಕಿ ಗಜದಿಂದ ಜಡಿದು, ಹಿಂದುಗಡೆ ಕೇಪು ಸಿಕ್ಕಿಸ್ಬೇಕು. ರೈಫಲ್ ತೋಟಾ ಅಂದ್ರೆ ಅದೇ ಸಂಸಾರವನ್ನ ಒಂದೇ ಹಿತ್ತಾಳೆ ಕೊಳವೆಗೆ ತುಂಬಿದ್ದು: ತಳದಲ್ಲಿ ಕೇಪು, ಅಂದ್ರೆ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹೊಡೆದ ಮೇಲೆ ಕೇಪು, ಮದ್ದು, ಗುಂಡು ಮೂರೂ ಖರ್ಚು. ಹಿತ್ತಾಳೆ ಉಳಿಯತ್ತೆ. ಸಾಮಾನ್ಯವಾಗಿ ನಾಲ್ಕರಲ್ಲಿ ದುಬಾರಿಯದ್ದೂ ಅದೇ. ಈ ಹವ್ಯಾಸದ ಮೂಲ ಇಷ್ಟೇ, ಉಳಿದ ಹಿತ್ತಾಳೆಯನ್ನ ಎಸೆಯೋಕೆ ಮನಸ್ಸು ಬರಲ್ಲ.

ಹಿತ್ತಾಳೆನೇ ಯಾಕೆ? ಮದ್ದು ಉರಿದಾಗ ಖೋಲು ಹಿಗ್ಗಿ ಚೇಂಬರಿನ ಗೋಡೆಗೆ ಅಂಟ್ಕೊಂಡು, ಬಿಸಿ ಗಾಳಿ ಹಿಂದಕ್ಕೆ, ಅಂದ್ರೆ ಹೊಡೆಯೋನ ಮುಖದ ಕಡೆಗೆ, ಬರದ ಹಾಗೆ ತಡೆಯತ್ತೆ. ಒತ್ತಡ ಇಳಿದ ತಕ್ಷಣ ಸ್ವಲ್ಪ ಕುಗ್ಗಿ ಸಲೀಸಾಗಿ ಹೊರಗೆ ಬರತ್ತೆ. ಆದ್ರೆ ಪೂರ್ತಿ ಹಳೇ ಅಳತೆಗೆ ಬರಲ್ಲ. ಹಾಗಾಗಿ ಪ್ರೆಸ್ಸಿನಲ್ಲಿ ಡೈ ಅನ್ನೋ ಅಚ್ಚಿನೊಳಗೆ ಒತ್ತಿ ಅಳತೆಗೆ ತರ್ತಾರೆ, ಸುಟ್ಟ ಕೇಪು ಹೊರಗೆ ತಳ್ತಾರೆ, ಉದ್ದವಾಗಿ ಬೆಳೆದಿದ್ರೆ ಬಾಯಿ ಕತ್ತರಿಸ್ತಾರೆ. ಪ್ರತಿ ಸಲ ಹಿಗ್ಗಿ ಕುಗ್ಗಿ ಲೋಹ ದಣಿಯತ್ತೆ. ತಳದಿಂದ ಸ್ವಲ್ಪ ಮೇಲೆ ಹೊಳೆಯೋ ಗೆರೆ ಕಂಡ್ರೆ ಆ ಖೋಲು ಅಲ್ಲೇ ತುಂಡಾಗೋ ದಾರೀಲಿದೆ ಅಂತರ್ಥ. ತಿಳಿದವರು ಅದನ್ನ ಕಸಕ್ಕೆ ಹಾಕ್ತಾರೆ.

ನಿಜವಾದ ವಿಷಯ ಇರೋದು ಮದ್ದಿನಲ್ಲಿ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಕೋವಿಯ ಲೋಕವೇ ಬದಲಾಯ್ತು. ಈ ಮದ್ದಿನ ಸ್ವಭಾವ ಏನು ಅಂದ್ರೆ, ಒತ್ತಡ ಜಾಸ್ತಿಯಾದಷ್ಟೂ ಬೇಗ ಉರಿಯತ್ತೆ. ಬೇಗ ಉರಿದಷ್ಟೂ ಒತ್ತಡ ಏರತ್ತೆ. ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ತನ್ನನ್ನೇ ತಾನು ಕರ್ಕೊಳ್ಳೋ ಫಂಕ್ಷನ್ನಿಗೆ ನಿಲ್ಲೋ ಶರತ್ತು ಬರೆಯದಿದ್ರೆ ಏನಾಗತ್ತೋ ಅದೇ. ಇಲ್ಲಿ ಕ್ರ್ಯಾಶ್ ಆಗೋದು ಮುಖದಿಂದ ಒಂದು ಗೇಣು ದೂರದಲ್ಲಿ. ಅಮೆರಿಕದ ಬೇಟೆಗಾರರ ಅಚ್ಚುಮೆಚ್ಚಿನ .30-06 ತೋಟಾಕ್ಕೆ ಹಾಕಿರೋ ಮಿತಿ 60,000 ಪಿಎಸ್ಐ. ನಿಮ್ಮ ಕಾರಿನ ಟೈರಿನಲ್ಲಿರೋದು ಮೂವತ್ತು ಚಿಲ್ಲರೆ.

ಅದಕ್ಕೇ ತೂಕ ಗ್ರೇನ್ ಲೆಕ್ಕದಲ್ಲಿ. 7,000 ಗ್ರೇನ್ ಸೇರಿದ್ರೆ ಒಂದು ಪೌಂಡು. ಮದ್ದು ಮಾಡೋ ಕಂಪನಿಗಳು ಪರೀಕ್ಷೆ ಮಾಡಿ ಕೈಪಿಡಿ ಪ್ರಕಟಿಸ್ತವೆ: ಈ ಖೋಲು, ಈ ಗುಂಡು, ಈ ಮದ್ದು ಆದ್ರೆ ಇಲ್ಲಿಂದ ಶುರು, ಇಲ್ಲಿಗೆ ಕೊನೆ. ಕೆಳಗಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸ್ತಾ ಹೋಗ್ಬೇಕು. ಗುಂಡಿನ ಕಂಪನಿ ಬದಲಾಯಿಸಿದ್ರೂ ಮತ್ತೆ ಕೆಳಗಿಂದಲೇ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನೋ ನಿಯಮವನ್ನ ನಮ್ಮ ಪ್ರೊಡಕ್ಷನ್ ಟೀಮುಗಳಿಗಿಂತ ಈ ಗ್ಯಾರೇಜ್ ತಾತಂದಿರು ಶ್ರದ್ಧೆಯಿಂದ ಪಾಲಿಸ್ತಾರೆ ಅಂತ ನನಗನ್ಸತ್ತೆ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಗುಂಡು ಕೂರಿಸೋ ಮುಂಚೆ ಎಲ್ಲ ಖೋಲುಗಳಿಗೂ ಟಾರ್ಚ್ ಬಿಟ್ಟು ನೋಡೋದು. ಯಾಕಂದ್ರೆ ಒಂದರಲ್ಲಿ ಮದ್ದೇ ಇಲ್ಲ ಅಂತಿಟ್ಕೊಳ್ಳಿ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಗೊತ್ತಾಗದೆ ಇನ್ನೊಂದು ಈಡು ಹೊಡೆದ್ರೆ ನಳಿಗೆ ಸಿಡಿಯತ್ತೆ.

ಇಷ್ಟೆಲ್ಲ ಕಷ್ಟಕ್ಕೆ ಪ್ರತಿಫಲ? ಪ್ರತಿ ನಳಿಗೆಯೂ ಈಡು ಹೊಡೆದಾಗ ತನ್ನದೇ ರೀತೀಲಿ ಕಂಪಿಸತ್ತೆ, ಅದಕ್ಕೆ ಒಗ್ಗೋ ಮದ್ದು-ಗುಂಡಿನ ಜೋಡಿ ಸಿಕ್ಕಿದ್ರೆ ಗುರಿ ಬಿಗಿಯಾಗತ್ತೆ. ಗುರಿ ಬಿಗಿಯಾದ್ರೆ ಪ್ರಾಣಿ ಗಾಯಗೊಂಡು ಓಡಿಹೋಗಿ ನರಳಿ ಸಾಯೋದು ಕಡಿಮೆ. ಹಣ ಉಳಿಯತ್ತೆ ಅಂತಾನೂ ಹೇಳ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ, ಉಳಿದದ್ದನ್ನ ಇನ್ನಷ್ಟು ಹೊಡೆದೇ ಕಳೀತಾರೆ.

ಈಗ ನಮ್ಮ ಬಿಸಿಲಿಗೆ ಬರೋಣ. ಮದ್ದು ಬಿಸಿಯಾದಷ್ಟೂ ಒತ್ತಡ ಜಾಸ್ತಿ. ಬ್ರಿಟಿಷರ ಕಾರ್ಡೈಟ್ ಮದ್ದು ಈ ವಿಷಯದಲ್ಲಿ ಕುಖ್ಯಾತ. ಇಂಗ್ಲೆಂಡಿನ ಚಳೀಲಿ ಸರಿಯಾಗಿದ್ದ ತೋಟಾ ಭಾರತದ ಬೇಸಿಗೇಲಿ ಖೋಲನ್ನ ಎಷ್ಟು ಹಿಗ್ಗಿಸ್ತಿತ್ತು ಅಂದ್ರೆ ಅದು ಚೇಂಬರಿನಲ್ಲೇ ಕಚ್ಚಿಕೊಳ್ತಿತ್ತು. ಎದುರಿಗೆ ಗಾಯಗೊಂಡ ಹುಲಿ ಇದ್ದಾಗ ಖಾಲಿ ಖೋಲು ಹೊರಗೆ ಬರಲ್ಲ ಅಂದ್ರೆ ಕಥೆ ಮುಗೀತು. ಹಾಗಾಗಿ ಉಷ್ಣ ದೇಶಗಳಿಗೆ ಅಂತಾನೇ ಮದ್ದು ಕಡಿಮೆ ತುಂಬಿದ ತೋಟಾ ಬರ್ತಿತ್ತು. 1911ರ .416 ರಿಗ್ಬಿ ತೋಟಾದ ಹೊಟ್ಟೆ ದೊಡ್ಡದಾಗಿರೋದಕ್ಕೂ, ಒತ್ತಡ ತಗ್ಗಿಸೋಕೆ, ಇದೇ ಕಾರಣ. ಊಟಿಯ ಪುಟ್ಟ ರೈಲಿನಲ್ಲಿ ಹೋದವರು ಕೂನೂರು ದಾಟಿದ ಮೇಲೆ ಅರುವಂಕಾಡು ನೋಡಿರ್ತೀರಿ. ಅಲ್ಲಿನ ಕಾರ್ಖಾನೆಯ ಹೆಸರೇ ಕಾರ್ಡೈಟ್ ಫ್ಯಾಕ್ಟರಿ. ಈಗ ಅದು ಪುಣೆಯಲ್ಲಿ ಮುಖ್ಯ ಕಚೇರಿ ಇರೋ ಮ್ಯುನಿಷನ್ಸ್ ಇಂಡಿಯಾದ ಕೈಕೆಳಗಿದೆ.

ತೋಟಾ ಮರುತುಂಬೋದಕ್ಕೆ ಸರ್ಕಾರವೇ ಹೆದರಿದ್ದ ಕಥೇನೂ ಇದೆ. ಕದ್ದ ಮಾರ್ಟಿನಿ-ಹೆನ್ರಿ ಬಂದೂಕುಗಳು ಬಂಡಾಯಗಾರರ ಕೈಲಿದ್ದವು. ಸಾಹೇಬರ .450 ಬೇಟೆ ತೋಟಾದಿಂದ ಗುಂಡು ಕಿತ್ತು ಅವಕ್ಕೆ ತುಂಬ್ತಾರೆ ಅನ್ನೋ ಭಯಕ್ಕೆ 1907ರ ಸುಮಾರಿಗೆ ಭಾರತ ಮತ್ತು ಸೂಡಾನಿಗೆ ಆ ಅಳತೆಯನ್ನೇ ನಿಷೇಧಿಸಿದ್ರು. ಕಂಪನಿಗಳು ಸುಮ್ನೆ ಕೂರ್ತಾವಾ? ಕೂದಲೆಳೆ ದಪ್ಪ ಮಾಡಿ .465, .470, .475 ಅಂತ ಹೊಸ ಅಳತೆ ತಂದ್ವು. ಸೈನ್ಯದ .303 ಕೂಡ ಜನರಿಗೆ ಸಿಗದಿದ್ದಕ್ಕೇ ಇವತ್ತಿಗೂ ನಮ್ಮಲ್ಲಿ ಲೈಸೆನ್ಸ್ ರೈಫಲ್ ಅಂದ್ರೆ ಹೆಚ್ಚಾಗಿ .315.

ಈಗ ಕಾನೂನು. ಭಾರತದಲ್ಲಿ ಬೇಟೆಯನ್ನ 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಕೋವಿ ಇಟ್ಕೊಳ್ಳೋ ಲೈಸೆನ್ಸ್ ಬೇರೆ, ತಯಾರಿಕೆಯ ಲೈಸೆನ್ಸ್ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ವಿನಾಯಿತಿ ಕೋವಿ ಹೊಂದೋದಕ್ಕೆ, ತೋಟಾ ಮಾಡೋದಕ್ಕಲ್ಲ.

ಲಗೇಜಿನ ಮಾತು ಇದು. ಆ ಕಾಯ್ದೆಯಲ್ಲಿ 'ಮದ್ದುಗುಂಡು' ಅನ್ನೋ ಪದದ ಅರ್ಥದೊಳಗೆ ಅದರ ಬಿಡಿಭಾಗಗಳೂ, ಅದನ್ನ ತಯಾರಿಸೋ ಯಂತ್ರಗಳೂ ಬರ್ತವೆ. ಅಂದ್ರೆ ಗೆಳೆಯ ನೆನಪಿಗೆ ಅಂತ ಕೊಟ್ಟ ತೋಟಾ ಇರ್ಲಿ, ಗುಂಡು, ಕೇಪು, ಡೈ ಕೂಡ ತರೋ ವಸ್ತುವಲ್ಲ. ಬ್ಯಾಗಿನ ಮೂಲೇಲಿ ಒಂದೇ ಒಂದು ತೋಟಾ ಸಿಕ್ಕಿ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸ್ ಆದವರು ಬೇಕಾದಷ್ಟು ಜನ ಇದ್ದಾರೆ. ಗೊತ್ತಿಲ್ಲದೆ ಬಂದದ್ದು ಅಂತ ತೋರಿಸಿದ್ರೆ ಹೈಕೋರ್ಟುಗಳು ಕೇಸ್ ರದ್ದು ಮಾಡಿರೋದೂ ಇದೆ. ಆದ್ರೆ ಅಲ್ಲಿವರೆಗೆ ವಕೀಲರು, ಪಾಸ್‌ಪೋರ್ಟಿನ ತಾಪತ್ರಯ, ಮುಂದಿನ ವೀಸಾದ ಚಿಂತೆ ಎಲ್ಲ ನಿಮ್ಮ ಪಾಲಿಗೆ. ಶೂಟಿಂಗ್ ರೇಂಜಿಗೆ ಒಯ್ದ ಬ್ಯಾಗನ್ನ ಊರಿಗೆ ಹೊರಡುವಾಗ ಬಳಸ್ಬೇಡಿ. ಯಾರದ್ದಾದ್ರೂ ಬ್ಯಾಗು ಎರವಲು ತಗೊಂಡಿದ್ರೆ ಪ್ರತಿ ಜೇಬನ್ನೂ ತಿರುವಿ ನೋಡಿ, ಒಳಗಿನ ಹರಿದ ಅಸ್ತರನ್ನೂ ಸೇರಿಸಿ.